ಕೊನೆಯ ಅಕ್ಷರ ತಡ

ಲಾಗ್ ಪುಸ್ತಕದ ನಲವತ್ತೊಂದನೆಯ ಪುಟದಲ್ಲಿ, ಸಂಜೆ ಏಳು ಗಂಟೆ ಎಂಟು ನಿಮಿಷದ ಎದುರು ನಾನು ಬರೆದದ್ದು ಇಷ್ಟು: ‘ಇ, ಎಲ್, ಇ. ಮೂರು ಸಲ. ಕೊನೆಯ ಅಕ್ಷರ ತಡ.’ ನೀಲಿ ಶಾಯಿ. ಅಕ್ಷರ ಎಲ್ಲೂ ನಡುಗಿಲ್ಲ.

ಇಂಥ ಅನುಭವಗಳನ್ನು ನಾನು ನಂಬಿದವಳಲ್ಲ. ಪತ್ರಿಕೆಯಲ್ಲಿ ಕಂಡರೆ ಪುಟ ಮಗುಚುತ್ತಿದ್ದೆ. ಬರೆದವರಿಗೆ ನಿದ್ದೆ ಕೆಟ್ಟಿರಬೇಕು, ಇಲ್ಲವೇ ನಾಲ್ಕು ಜನರ ಗಮನ ಬೇಕಾಗಿರಬೇಕು ಎಂದುಕೊಳ್ಳುತ್ತಿದ್ದೆ. ನೀವು ನನ್ನ ಬಗ್ಗೆ ಹಾಗೆಯೇ ಅಂದುಕೊಂಡರೆ ತಕರಾರಿಲ್ಲ. ಆ ದಿನ ನನಗೆ ನಿದ್ದೆ ಕೆಟ್ಟಿರಲಿಲ್ಲ ಎಂದು ಮಾತ್ರ ಹೇಳಬಲ್ಲೆ.

ನಾನು ಕಾಸರಗೋಡಿನವಳು. ತಿರುವನಂತಪುರದ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಎಂಜಿನಿಯರ್. ರೇಡಿಯೋ ಅಲೆಗಳಿಗೆ ಅಡ್ಡ ಬರುವ ಸದ್ದು ಎಲ್ಲಿಂದ ಹುಟ್ಟುತ್ತದೆಂದು ಹುಡುಕುವುದು ನನ್ನ ಕೆಲಸ. ಹುಡುಕಿದ ಮೇಲೆ ಒಂದು ಪರೀಕ್ಷೆ ಇದೆ. ಅನುಮಾನದ ಉಪಕರಣವನ್ನು ಆರಿಸಬೇಕು, ಸದ್ದು ನಿಂತಿತೇ ನೋಡಬೇಕು. ಮತ್ತೆ ಹಚ್ಚಬೇಕು, ಸದ್ದು ಮರಳಿತೇ ನೋಡಬೇಕು. ಎರಡನೆಯ ಸಲ ಹಚ್ಚದೆ ಪರೀಕ್ಷೆ ಮುಗಿಯುವುದಿಲ್ಲ. ಸೇರಿದ ಮೊದಲ ವಾರ ಕಲಿಸುವ ಪಾಠ ಇದು.

ದೂರು ಕೊಟ್ಟವರು ಕೊಚ್ಚಿಯ ಪಾಲಾರಿವಟ್ಟಂನಲ್ಲಿ ಮಗಳ ಮನೆಯಲ್ಲಿದ್ದ ಸುಬ್ಬರಾಯರು. ಮೈಸೂರಿನ ಕಡೆಯವರು, ಬ್ಯಾಂಕಿನಿಂದ ನಿವೃತ್ತರು, ಮೂವತ್ತು ವರ್ಷಗಳಿಂದ ಲೈಸೆನ್ಸ್ ಇರುವ ಹ್ಯಾಮ್ ರೇಡಿಯೋ ಹವ್ಯಾಸಿ. ದಿನಾ ಸಂಜೆ ಆರೂವರೆಯಿಂದ ತಮ್ಮ ಸೆಟ್ಟಿನಲ್ಲಿ ಜೋರಾದ ಗುಂಯ್‌ಗುಡುವಿಕೆ, ಅದರ ಅಡಿಯಲ್ಲಿ ಸಣ್ಣಗೆ ಚುಕ್ಕಿ-ಗೆರೆಗಳ ಮೋರ್ಸ್ ಸಂಕೇತ ಕೇಳುತ್ತಿದೆ, ದಯವಿಟ್ಟು ಮೇಲಿನ ಸದ್ದು ತೆಗೆಸಿಕೊಡಿ ಎಂದು ಬರೆದಿದ್ದರು. ಆ ಸಂಕೇತದಲ್ಲಿ ಏನಿದೆ ಎಂದು ಬರೆದಿರಲಿಲ್ಲ.

ಗೇಟಿನಲ್ಲೇ ಅವರ ಮಗಳು ವಿದ್ಯಾ ನನ್ನನ್ನು ತಡೆದರು.

“ನೀವು ಕನ್ನಡದವರಂತೆ, ಅದಕ್ಕೇ ಬಿಚ್ಚಿ ಹೇಳ್ತೀನಿ. ಅಮ್ಮ ಹೋಗಿ ಎರಡು ವರ್ಷ ಆಯ್ತು. ಮಳೆಗಾಲದಿಂದೀಚೆಗೆ ಅಪ್ಪ ಆ ಸೆಟ್ ಬಿಟ್ಟು ಏಳ್ತಾ ಇಲ್ಲ. ರಾತ್ರಿ ಊಟಾನೂ ಬೇಡ. ಡಾಕ್ಟರು ಮೊದಲು ಅದನ್ನ ತೆಗೀರಿ ಅಂದಿದಾರೆ. ಇವರು ಕೇಳಬೇಕಲ್ಲ? ಸರ್ಕಾರದವರು ಬಂದು ಅದರಲ್ಲಿ ಏನೂ ಇಲ್ಲ ಅಂದ್ರೆ ನಾನೇ ವೈರ್ ಬಿಚ್ಚಿ ಕೊಡ್ತೀನಿ ಅಂತ ಮಾತು ಕೊಟ್ಟಿದಾರೆ. ನಿಮ್ಮ ಒಂದು ಮಾತು ಸಾಕು.”

“ಇದ್ದದ್ದನ್ನು ಬರೆಯುತ್ತೇನೆ,” ಎಂದೆ. ಆ ಮಾತು ಹೇಳಿದಾಗ ನನಗೆ ನನ್ನ ಬಗ್ಗೆ ಹೆಮ್ಮೆಯೇ ಇತ್ತು.

ರಾಯರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾದಿದ್ದರು. ಕಾಸರಗೋಡು ಎಂದ ಕೂಡಲೇ ಮುಖ ಅರಳಿತು. “ಬನ್ನಿ ಬನ್ನಿ. ಇಲ್ಲಿ ನನ್ನ ಮೊಮ್ಮಗಳಿಗೆ ಕನ್ನಡದಲ್ಲಿ ಬೈದರೆ ಮಲಯಾಳದಲ್ಲಿ ನಗ್ತಾಳೆ. ಮೋರ್ಸ್ ಬರುತ್ತೇನಮ್ಮಾ ನಿಮಗೆ?”

“ಕಾಲೇಜಿನಲ್ಲಿ ಕಲಿತಿದ್ದೆ, ಸರ್. ಈಗ ಕೆಲಸಕ್ಕೆ ಬೇಕಾಗುವುದಿಲ್ಲ.”

“ಈಜು ಇದ್ದ ಹಾಗೆ ಅದು. ಮರೆಯಲ್ಲ.”

ಅವರ ಸೆಟ್ಟಿನಿಂದ ದೂರ, ಕಿಟಕಿಯ ಬಳಿ ಕುಳಿತು ನಮ್ಮ ರಿಸೀವರ್ ಜೋಡಿಸಿದೆ, ಹೆಡ್‌ಫೋನ್ ಹಾಕಿಕೊಂಡೆ, ರೆಕಾರ್ಡಿಂಗ್ ಒತ್ತಿದೆ. ಆರೂವರೆಗೆ ಸರಿಯಾಗಿ ಸದ್ದು ಶುರುವಾಯಿತು. ಸಾವಿರ ಜೀರುಂಡೆಗಳನ್ನು ತಗಡಿನ ಡಬ್ಬಿಗೆ ತುಂಬಿದಂತೆ. ನಮಗೆ ಪರಿಚಿತ ಸದ್ದು ಅದು. ಮನೆಯೊಳಗೆ ಗಿಡ ಬೆಳೆಸುವ ದೊಡ್ಡ ದೀಪಗಳಿಗೆ ಕರೆಂಟನ್ನು ಹದಮಾಡಿ ಕೊಡುವ ಬ್ಯಾಲಸ್ಟ್ ಎಂಬ ಪೆಟ್ಟಿಗೆ ಕಳಪೆಯದಾದರೆ ಹೀಗೇ ಕಿರುಚುತ್ತದೆ. ಮೂಲ ಪಕ್ಕದ ಮನೆಯಲ್ಲೇ ಇರಬೇಕು, ಅರ್ಧ ಗಂಟೆಯ ಕೆಲಸ ಎಂದುಕೊಂಡೆ.

ಏಳು ಗಂಟೆ ಎಂಟು ನಿಮಿಷಕ್ಕೆ ಸದ್ದಿನ ಅಡಿಯಲ್ಲಿ ಬೇರೊಂದು ಬಡಿತ ಕೇಳಿಸಿತು. ಚುಕ್ಕಿ. ಚುಕ್ಕಿ, ಗೆರೆ, ಚುಕ್ಕಿ, ಚುಕ್ಕಿ. ಆಮೇಲೆ ಇನ್ನು ಬರುವುದಿಲ್ಲ ಎನ್ನುವಷ್ಟು ಹೊತ್ತು ಬಿಟ್ಟು ಒಂದು ಚುಕ್ಕಿ. ಮೋರ್ಸ್‌ನಲ್ಲಿ ಇ, ಎಲ್, ಇ. ಮೂರು ಸಲ ಬಂತು, ಮೂರು ಸಲವೂ ಅದೇ ತಡ. ಕೇಳಿಸಿದ್ದನ್ನು ಬರೆಯುವ ಅಭ್ಯಾಸ. ಬರೆದೆ.

ಹೆಡ್‌ಫೋನ್ ತೆಗೆದು ರಾಯರನ್ನು ಕೇಳಿದೆ: “ನಿಮಗೆ ಕೇಳಿಸುವುದು ಏನು, ಸರ್?”

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ವಿದ್ಯಾಗೆ ಹೇಳಿಲ್ಲ, ಹೇಳಿದ್ರೆ ನಾಳೇನೇ ಆಸ್ಪತ್ರೆಗೆ ಸೇರಿಸ್ತಾಳೆ. ನಾನು ಸೆಟ್ ಮುಂದೆ ಕೂತ್ರೆ ಎಷ್ಟು ಕೂಗಿದ್ರೂ ಕೇಳಿಸ್ತಿರಲಿಲ್ಲ. ಅದಕ್ಕೆ ನಮ್ಮ ಮನೆಯವಳು ಕಮಲಾ ಮೂರಕ್ಷರ ಕಲಿತಿದ್ದಳು. ಊಟಕ್ಕೆ ಬಡಿಸಿ, ಅಡುಗೆಮನೆಯಿಂದ ತಟ್ಟೆ ಮೇಲೆ ಸೌಟಲ್ಲಿ ಹೊಡೆಯೋಳು. ಇ, ಎಲ್, ಇ. ಎಲೆ. ಎಲೆ ಹಾಕಿದೆ, ಬನ್ನಿ ಅಂತ. ಮಧ್ಯೆ ಒಲೆ ಆರಿಸೋಕೆ ತಿರುಗೋಳು ನೋಡಿ, ಕೊನೇ ಇ ಯಾವಾಗಲೂ ಲೇಟು.” ನಕ್ಕರು. “ಬ್ಯಾಂಕಲ್ಲಿ ನನಗೆ ಲೇಟ್ ಮಾರ್ಕ್ ಹಾಕ್ತಿದ್ರು, ಮನೇಲಿ ನಾನು ಅವಳಿಗೆ ಹಾಕ್ತಿದ್ದೆ.”

ಪುಸ್ತಕ ನನ್ನ ಮಡಿಲಲ್ಲಿ ತೆರೆದೇ ಇತ್ತು. ಅವರು ಕುಳಿತಲ್ಲಿಗೆ ಅದು ಕಾಣುವಂತಿರಲಿಲ್ಲ. ನಾನು ಮುಚ್ಚಿದೆ.

“ನಿಮಗೂ ಕೇಳಿಸ್ತಾ?”

“ಸದ್ದು ತುಂಬಾ ಉಂಟು, ಸರ್,” ಎಂದೆ.

ಎದ್ದು ಪಕ್ಕದ ಮನೆಗೆ ಹೋದೆ. ಆ ಮನೆಯಾಕೆ ಲಿಸ್ಸಿ ಚೇಚಿ ಮೇಲಿನ ಕೋಣೆಯಲ್ಲಿ ಹೋಟೆಲುಗಳಿಗೆಂದು ಸೊಪ್ಪು ಬೆಳೆಯುತ್ತಿದ್ದರು. ನಾಲ್ಕು ದೀಪ, ನಾಲ್ಕು ಹಳೆಯ ಪೆಟ್ಟಿಗೆ. “ಅಯ್ಯೋ ಮೋಳೇ,” ಎಂದು ಮಲಯಾಳದಲ್ಲೇ ಗೋಳಾಡಿದರು, “ನನ್ನ ಚೀರೆ ಸೊಪ್ಪು ರೇಡಿಯೋದಲ್ಲಿ ಹಾಡ್ತದೆ ಅಂತ ಯಾರಾದರೂ ನಂಬ್ತಾರಾ? ಮೊದಲೇ ಹೇಳಿದ್ದರೆ ಆವತ್ತೇ ಆರಿಸ್ತಿದ್ದೆ.” ಒಂದೊಂದಾಗಿ ಆರಿಸಲು ಹೇಳಿದೆ. ನಾಲ್ಕನೆಯದು ಆರಿದಾಗ ಕೈಯಲ್ಲಿದ್ದ ಮೀಟರಿನ ಮುಳ್ಳು ಕುಸಿಯಿತು.

ಮರಳಿ ಬಂದಾಗ ರಾಯರ ಸೆಟ್ ಸ್ವಚ್ಛವಾಗಿತ್ತು. ಯಾರೋ ತಮಿಳಿನಲ್ಲಿ ಹವಾಮಾನ ಹೇಳುತ್ತಿದ್ದರು, ಪ್ರತಿ ಮಾತೂ ಸ್ಪಷ್ಟ. “ನೋಡಿ ಅಪ್ಪ, ಎಷ್ಟು ಕ್ಲಿಯರ್ ಆಯ್ತು!” ಎಂದರು ವಿದ್ಯಾ. ರಾಯರು ನಾಬ್ ತಿರುಗಿಸುತ್ತಲೇ ಇದ್ದರು. ಬೆರಳು ಮೊದಲು ಮೆಲ್ಲಗೆ, ಆಮೇಲೆ ಬೇಗ ಬೇಗ.

“ಹೋಯ್ತು,” ಎಂದರು. “ಅದರ ಜೊತೆಗೇ ಹೋಯ್ತು. ಅಮ್ಮಾ, ಇನ್ನೊಂದೇ ಸಲ ದೀಪ ಹಾಕಿಸಿ. ಒಂದೇ ಒಂದು ಸಲ.”

ಪರೀಕ್ಷೆಯ ಪ್ರಕಾರ ನಾನು ಹಾಕಿಸಲೇಬೇಕಿತ್ತು. ಅವರು ಬೇಡಿಕೊಂಡದ್ದು ನನ್ನ ಕರ್ತವ್ಯವನ್ನೇ. “ಮೂಲ ಸಿಕ್ಕಿತಲ್ಲ, ಸರ್. ಇನ್ನು ಅಗತ್ಯವಿಲ್ಲ,” ಎಂದೆ.

ಅವರು ನಾಬಿನಿಂದ ಕೈ ತೆಗೆದರು. “ನಿಮಗೆ ಕೇಳಿಸಿತ್ತು,” ಎಂದರು. ಪ್ರಶ್ನೆಯಲ್ಲ.

“ಅಪ್ಪ, ಸಾಕು. ಮಾತು ಕೊಟ್ಟಿದೀರಿ.” ವಿದ್ಯಾ ನನ್ನ ಕಡೆ ತಿರುಗಿದರು. “ನೀವೇ ಹೇಳಿಬಿಡಿ, ಮೇಡಂ. ಆ ಗದ್ದಲ ಬಿಟ್ಟು ಬೇರೆ ಏನಾದ್ರೂ ಇತ್ತಾ?”

“ಇರಲಿಲ್ಲ,” ಎಂದೆ.

ವೈರು ಬಿಚ್ಚಲು ರಾಯರಿಗೆ ಯಾರೂ ಸಹಾಯ ಮಾಡಬೇಕಾಗಲಿಲ್ಲ. ಬಿಚ್ಚಿ, ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಮಗಳ ಕೈಗೆ ಕೊಟ್ಟರು.

ಎರ್ನಾಕುಲಂನಿಂದ ಹೊರಟ ರೈಲಿನಲ್ಲಿ ರೆಕಾರ್ಡಿಂಗ್ ಕೇಳಿದೆ. ಏಳು ಏಳರಿಂದ ಏಳು ಹತ್ತರವರೆಗೆ, ಮತ್ತೆ ಮತ್ತೆ. ಗುಂಯ್‌ಗುಡುವಿಕೆ ಬಿಟ್ಟು ಏನೂ ಇರಲಿಲ್ಲ. ಆಮೇಲಿನ ವರ್ಷಗಳಲ್ಲಿ ನನಗೆ ನಾನೇ ಎಷ್ಟೋ ವಿವರಣೆ ಕೊಟ್ಟುಕೊಂಡಿದ್ದೇನೆ. ಕೆಡುತ್ತಿರುವ ದೀಪ ಆರಿ ಹೊತ್ತುವಾಗ ಇಂಥ ಬಡಿತ ಹುಟ್ಟಬಹುದು. ಹುಟ್ಟಿದ್ದರೆ ರೆಕಾರ್ಡಿಂಗಿನಲ್ಲಿ ಇರಬೇಕಿತ್ತು. ಗದ್ದಲದಲ್ಲಿ ಮನಸ್ಸು ತನಗೆ ಬೇಕಾದ್ದನ್ನು ಕೇಳಿಸಿಕೊಳ್ಳುತ್ತದೆ. ಆದರೆ ನಾನು ಬರೆದಾಗ ಆ ಮೂರು ಅಕ್ಷರ ನನಗೆ ಬೇಕಾಗಿರಲಿಲ್ಲ, ಅವು ಒಂದು ಮಾತು ಎಂದೂ ತಿಳಿದಿರಲಿಲ್ಲ. ಲಿಸ್ಸಿ ಚೇಚಿ ಅದೇ ವಾರ ದೀಪಗಳನ್ನು ಬದಲಿಸಿದರು. ಹಳೆಯ ಪೆಟ್ಟಿಗೆ ಕೇಳಲು ನಾನು ಫೋನ್ ಮಾಡುವಷ್ಟರಲ್ಲಿ ಅವು ಗುಜರಿಗೆ ಹೋಗಿದ್ದವು. ಎರಡನೆಯ ಸಲ ಹಚ್ಚಿದ್ದರೆ ಏನು ಕೇಳುತ್ತಿತ್ತೋ ಗೊತ್ತಿಲ್ಲ. ಗೊತ್ತಾಗದಂತೆ ಮಾಡಿದವಳು ನಾನೇ.

ಮರುದಿನ ಬೆಳಿಗ್ಗೆ ತಿರುವನಂತಪುರದ ತಂಪಾನೂರ್ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಾಗ ವಿದ್ಯಾರಿಂದ ಸಂದೇಶ ಬಂತು: ‘ಅಪ್ಪ ನಿನ್ನೆ ಎಂಟಕ್ಕೇ ಊಟಕ್ಕೆ ಬಂದು ಕೂತರು. ತುಂಬಾ ಥ್ಯಾಂಕ್ಸ್.’ ಫೋನ್ ಚೀಲಕ್ಕೆ ಹಾಕಿ ಲಾಗ್ ಪುಸ್ತಕ ತೆಗೆದೆ. ನಮ್ಮ ಲಾಗ್ ಪುಸ್ತಕದ ಪುಟಗಳಿಗೆ ಸಂಖ್ಯೆ ಇರುತ್ತದೆ, ಹರಿಯುವಂತಿಲ್ಲ. ತಪ್ಪು ದಾಖಲೆಯಾದರೆ ಅದರ ಮೇಲೆ ಒಂದೇ ಒಂದು ನೇರ ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಬೇಕು. ಟಿಕೆಟ್ಟಿನ ಅಂಚನ್ನು ಆಧಾರವಾಗಿಟ್ಟು ಏಳು ಗಂಟೆ ಎಂಟು ನಿಮಿಷದ ಸಾಲಿನ ಮೇಲೆ ಗೆರೆ ಎಳೆದೆ. ಸಹಿ ಮಾಡಿದೆ. ಅಡಿಯಲ್ಲಿರುವ ಅಕ್ಷರ ಓದಲು ಬರುವಂತಿರಬೇಕು ಎಂಬುದೂ ನಿಯಮವೇ. ಓದಲು ಬರುತ್ತಿತ್ತು.