ಕಾಡಪ್ಪ ಮಗ್ಗ ನಿಲ್ಲಿಸಿದ್ದು

ಹುಡುಗನಾಗಿದ್ದಾಗಲೇ ವಿಜಯಪುರ ಸೀಮೆಯಿಂದ ಮಹಾರಾಷ್ಟ್ರದ ನೇಕಾರರ ಊರು ಇಚಲಕರಂಜಿಗೆ ಬಂದ ಕಾಡಪ್ಪ ಪವರ್‌ಲೂಮಿನ ಸದ್ದಿನಲ್ಲೇ ಮುಪ್ಪಾದವನು. ಕಿವಿ ಮಂದವಾಗಿತ್ತು, ಸಿಟ್ಟು ಮಾತ್ರ ಚುರುಕಾಗಿತ್ತು. ಪರಿಸರ ಕಾಳಜಿಯ ಅಂತರರಾಷ್ಟ್ರೀಯ ಸೌಂದರ್ಯ ಸ್ಪರ್ಧೆಗೆಂದು ಮಗಳು ಕಾಜಲ ವಿಯೆಟ್ನಾಮಿಗೆ ಹೊರಟಾಗ, ‘ಮಂದಿ ಮುಂದ ಮೆರೆಯೋದು ನಮಗ್ಯಾಕ’ ಎಂದು ಅವಳೊಡನೆ ಮಾತು ಬಿಟ್ಟ. ಹೆಂಡತಿ ಜನಾಬಾಯಿ ಮಗ್ಗದಡಿಯ ಚಿಂದಿಗಳನ್ನೇ ಕೌದಿಯಂತೆ ಹೊಲಿದು ಮಗಳಿಗೆ ನಿಲುವಂಗಿ ಮಾಡಿಕೊಟ್ಟಳು.

ಫೈನಲ್ ದಿನ ಜನಾಬಾಯಿ ಮೊಬೈಲ್ ಹಿಡಿದು ಕಾರಖಾನೆಗೇ ಬಂದಳು. ಪರದೆಯ ಮೇಲೆ ಮಗಳ ತುಟಿ ಅಲುಗುತ್ತಿತ್ತು, ಮಗ್ಗಗಳ ಸದ್ದಿನಲ್ಲಿ ಒಂದಕ್ಷರವೂ ಕೇಳಿಸದು. ಕಾಡಪ್ಪ ತನ್ನ ಮಗ್ಗ ನಿಲ್ಲಿಸಿದ. ಅದನ್ನು ಕಂಡು ಉಳಿದವರೂ ಒಬ್ಬೊಬ್ಬರಾಗಿ ನಿಲ್ಲಿಸಿದರು.

ದುಭಾಷಿಯ ಪಕ್ಕ ನಿಂತು ಕಾಜಲ ಕನ್ನಡದಲ್ಲೇ ಹೇಳುತ್ತಿದ್ದಳು: “ನಮ್ಮಪ್ಪ ನಮ್ಮೂರ ಪಂಚಗಂಗಾ ಹೊಳ್ಯಾಗ ಈಜು ಕಲಿತಿದ್ದನ್ರಿ. ಈಗ ಅದು ಹೊಲಸಾಗೈತಿ, ನಾ ಆ ನೀರಿಗೆ ಇಳಿದಿಲ್ಲ. ನನ್ನ ಮಕ್ಕಳು ಇಳೀಬೇಕು.”

ಕಿರೀಟ ಬೇರೆ ದೇಶದವಳ ಪಾಲಾಯಿತು. ಸಂಜೆ ಕಾಡಪ್ಪ ತಾನೇ ಫೋನ್ ಮಾಡಿದ.

“ಸೋತೆ, ಅಪ್ಪಾ,” ಎಂದಳು ಕಾಜಲ.

“ಇರಲಿ. ಭಾಳ ಖರೇ ಮಾತಾಡಿದಿ. ಲಗೂನ ಬಾ, ಹೊಳಿ ದಂಡಿ ಸ್ವಚ್ಛ ಮಾಡೂದೈತಿ. ನಾನೂ ಬರ್ತೇನಿ.”

ಈಗ ಮಗ್ಗಕ್ಕೆ ರಜೆಯಿದ್ದ ದಿನ ಅಪ್ಪ-ಮಗಳು ನದಿಯ ಘಾಟಿನಲ್ಲಿ ಪ್ಲಾಸ್ಟಿಕ್ ಆರಿಸುತ್ತಾರೆ. ಕಾರಖಾನೆಯ ನಾಲ್ಕಾರು ಮಂದಿಯೂ ಬುಟ್ಟಿ ಹಿಡಿದು ಬರತೊಡಗಿದ್ದಾರೆ.