ಬಿಸಿ ಉಪ್ಪಿನಲ್ಲಿ ನೆಟ್ಟಗಾದ ಕನ್ನಡಕ

ಮಳೆಗಾಲದಲ್ಲಿ ಬೀಡಿ ಮೆತ್ತಗಾಗುತ್ತವೆ. ಅದಕ್ಕೇ ನಿಪ್ಪಾಣಿಯ ನಮ್ಮ ಓಣಿಯಲ್ಲಿ ಕಟ್ಟಿದ ಬೀಡಿಯನ್ನು ತಗಡಿನ ತಟ್ಟೆಗೆ ಹಾಕಿ, ಕೆಂಡದ ಮೇಲೆ ಎತ್ತರದಲ್ಲಿಟ್ಟು, ಬಟ್ಟೆ ಮುಚ್ಚಿ ಒಣಗಿಸುತ್ತೇವೆ. ಆ ದಿನ ನಾನು ತಟ್ಟೆಯಲ್ಲಿ ಮರೆತಿಟ್ಟ ಕನ್ನಡಕವನ್ನೂ ಬೀಡಿಯ ಜೊತೆಗೆ ಮುಚ್ಚಿಬಿಟ್ಟೆ. ಬಟ್ಟೆ ತೆಗೆದಾಗ ಅದರ ಎರಡೂ ಕಡ್ಡಿ ಸೊಟ್ಟಗಾಗಿದ್ದವು. ತಪ್ಪು ನನ್ನದೇ.

ಸಂಜೆಗೆ ಬೀಡಿ ಒಪ್ಪಿಸಬೇಕು, ಇನ್ನೂ ಮುನ್ನೂರು ಕಟ್ಟುವುದಿದೆ. ಕನ್ನಡಕವಿಲ್ಲದೆ ನನಗೆ ಬೀಡಿ ಎಲೆಯ ನರ ಕಾಣುವುದಿಲ್ಲ. ನರ ನೋಡದೆ ಕತ್ತರಿಸಿದರೆ ಸುತ್ತುವಾಗ ಎಲೆ ಸೀಳುತ್ತದೆ. ಸೀಳಿದ ಬೀಡಿಯನ್ನು, ನೋಡಿ ಎಣಿಸಿಕೊಳ್ಳುವ ಚೆಕ್ಕರ್ ಎಲ್ಲರೆದುರು ಮುರಿದು ಬಿಸಾಡುತ್ತಾನೆ. ನನ್ನ ಕೈಯ ಬೀಡಿ ಒಂದನ್ನೂ ಅವನು ಅಲ್ಲಿಯವರೆಗೆ ಮುರಿದಿರಲಿಲ್ಲ.

ಕನ್ನಡಕದ ಅಂಗಡಿಗೆ ಓಡಿದೆ. "ಆಯಿ, ಇದನ್ನ ಕಸದಾಗ ಒಗೀರಿ. ಹೊಸಾದು ನಾಕ್ ದಿನಕ್ಕ ಬರ್ತೈತಿ" ಎಂದ ಅಂಗಡಿಯವನು.

ಮನೆಯಲ್ಲಿ ಮೊಮ್ಮಗಳಿದ್ದಳು. ಚಿಕ್ಕೋಡಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಾಳೆ. ಚೌಕಟ್ಟನ್ನು ತಿರುವಿ ನೋಡಿದಳು.

"ಆಯಿ, ಇದು ಸೆಲ್ಯುಲೋಸ್ ಅಸಿಟೇಟ್. ಹತ್ತಿ, ಕಟ್ಟಿಗಿ ನಾರಿನಿಂದ ಮಾಡ್ತಾರ. ಕಾಸಿದ್ರ ಮೆತ್ತಗಾಗತೈತಿ, ಆರಿದ್ರ ಹಂಗ ನಿಲ್ಲತೈತಿ."

"ಸಕ್ಕರಿ ಹಂಗ ಕರಗಿ ಹೋಗೂದಿಲ್ಲೇನ?"

"ಸಕ್ಕರಿ ಅಂದ್ರ ಹರಳು ಬೇ. ಅದರಾಗ ಕಣಾ ಎಲ್ಲಾ ಸಾಲ್ ಹಿಡದು ನಿಂತಿರ್ತಾವ, ಕಾದು ಕಾದು ಒಮ್ಮೆಲೇ ಸಾಲ್ ಮುರೀತಾವ. ಇದರಾಗ ಹಂತಾ ಸಾಲು ಭಾಳ ಕಡಿಮಿ. ಸಾವಕಾಶ ಮೆತ್ತಗಾಗತೈತಿ."

"ಅಂದ್ರ ಸಾಲ್ ಹಚ್ಚಿ ಕಟ್ಟಲಾರದ, ಬುಟ್ಟ್ಯಾಗ ಹಂಗ ಒಗದಿಟ್ಟ ಬೀಡಿ ಎಲಿ ಇದ್ದಂಗ."

"ಹೌದ! ನಮ್ಮ ಸರ್ ಸೈತ ಇಷ್ಟ ಚಂದ ಹೇಳ್ಲಿಲ್ಲ."

"ನಿಮ್ಮ ಸರ್ ಬೀಡಿ ಕಟ್ಯಾರೇನ?"

ಬೆಂಕಿ ನೇರ ತಾಗದೆ ಸುತ್ತಲೂ ಒಂದೇ ಸಮ ಕಾಯಲೆಂದು ಬಾಣಲೆಗೆ ದಪ್ಪ ಉಪ್ಪು ಸುರಿದು ಒಲೆಯ ಮೇಲಿಟ್ಟೆ. ಅವಳು ಗಾಬರಿಯಾದಳು. "ಭಾಳ ಕಾದ್ರ ಗುಳ್ಳಿ ಏಳ್ತಾವ, ಮತ್ತ ಏನೂ ಮಾಡಾಕ ಬರೂದಿಲ್ಲ. ಥರ್ಮಾಮೀಟರ್ ಕಾಲೇಜಿನ್ಯಾಗ ಐತಿ."

"ನನ್ನ ಕೈ ಇಲ್ಲೇ ಐತಿ."

ಉಪ್ಪಿಗೆ ಬೆರಳು ತಾಗಿಸಿದೆ. ಚುರುಕ್ ಎಂದಿತು. ಇಳಿಸಿ, ಬೆರಳು ತುಸು ಹೊತ್ತು ತಾಳುವಷ್ಟು ಆರಲು ಬಿಟ್ಟೆ. ಗಾಜು ಕಳಚಿಟ್ಟು ಒಂದು ಕಡ್ಡಿಯನ್ನು ಹೂತೆ. ತೆಗೆದಾಗ ಅದು ನೆನೆದ ಎಲೆಯಂತೆ ಮಣಿಯಿತು. ಚಪಾತಿ ಮಣೆಯ ಮೇಲೆ ನೆಟ್ಟಗೆ ಮಾಡಿದೆ.

"ತಣ್ಣಗಾಗೂ ಮಟಾ ಕೈ ಬಿಡಬ್ಯಾಡ" ಎಂದಳು. ಬಿಡಲಿಲ್ಲ. ಎರಡನೆಯದೂ ನೆಟ್ಟಗಾಯಿತು. ಗಾಜು ಕೂಡಿಸಿ ಮೂಗಿಗೇರಿಸಿ ಎಲೆ ಹಿಡಿದರೆ ನರ ನರವೂ ಕಂಡಿತು. ಕತ್ತರಿ ಎತ್ತಿಕೊಂಡೆ. ಮುನ್ನೂರೂ ಮುಗಿದವು.

ಸಂಜೆ ಚೆಕ್ಕರ್ ನನ್ನ ಕಟ್ಟುಗಳನ್ನು ಮೂರು ಸಲ ತಿರುವಿದ. ಅಂಗಡಿಯವನ ಬಾಯಿಂದ ಕನ್ನಡಕ ಹಾಳಾದ ಸುದ್ದಿ ಅವನಿಗೆ ಮುಟ್ಟಿರಬೇಕು. ಸಾಲಿನಲ್ಲಿದ್ದ ಹೆಂಗಸರೆಲ್ಲ ಕತ್ತು ಚಾಚಿದ್ದರು. ಮುರಿಯಲು ಒಂದೂ ಸಿಗಲಿಲ್ಲ.

"ಕಾಣವಲ್ದೇನೋ ತಮ್ಮಾ?" ಎಂದೆ. "ಬೇಕಾದ್ರ ನನ್ನ ಕನ್ನಡಕ ಕೊಡ್ತೀನಿ."