ಇಲ್ಲದ ಕಾಮಣಿ

ಮೊದಲು ರುಚಿ ಹೋಯಿತು. ರೊಟ್ಟಿಗೆಂದು ಸೋದರತ್ತೆ ಕುಟ್ಟಿದ ಶೇಂಗಾ ಹಿಂಡಿ ನಾಲಿಗೆಯ ಮೇಲೆ ಮಣ್ಣಿನಂತೆ ಕೂತಿತು. ಆಮೇಲೆ ನಿದ್ದೆ ಹೋಯಿತು. ಆಮೇಲೆ ಕಾಲೇಜು.

ಕೊನೆಗೆ, ಬದುಕಬೇಕೆಂಬುದು.

ಅಪ್ಪ ನನ್ನನ್ನು ಎಮರ್ಜೆನ್ಸಿಗೆ ಒಯ್ದ ಆ ದಿನ ನಾನೇನು ಮಾಡಿಕೊಂಡಿದ್ದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಉಳಿದೆ. ಡಿಸ್ಚಾರ್ಜ್ ಮಾಡುವಾಗ, ಸೈಕಿಯಾಟ್ರಿ ಓಪಿಡಿಗೆ ತಪ್ಪದೆ ಬರಬೇಕೆಂದರು. ಅಮ್ಮ ತೀರಿಕೊಂಡ ಮೇಲೆ ನಮ್ಮ ಮನೆ ನೋಡಿಕೊಳ್ಳುತ್ತಿರುವವಳು ಅತ್ತೆ. ನಾವು ಕೂಕಟ್‌ಪಲ್ಲಿಯ ಫ್ಲ್ಯಾಟಿಗೆ ಮರಳುವಷ್ಟರಲ್ಲಿ ಅವಳು ಅಕ್ಕಪಕ್ಕದವರಿಗೆಲ್ಲ ನನಗೆ ಕಾಮಣಿ, ಅಂದರೆ ಜಾಂಡಿಸ್, ಆಗಿದೆ ಎಂದು ಹೇಳಿಯಾಗಿತ್ತು.

"ಹೆಣ್ಮಗಳು. ನಾಳಿ ಲಗ್ನ ಆಗಬೇಕು," ಎಂದಳು.

ಹೇಳಿದ ಮೇಲೆ ಆ ಸುಳ್ಳನ್ನು ಸಾಕಬೇಕಾಯಿತು. ಬಾಣಲೆ ಅಟ್ಟ ಸೇರಿತು. "ಎಣ್ಣಿ ವಾಸನಿನೂ ಕೂಡದು. ನಿಮ್ಮಪ್ಪಗ ಭಜಿ ಬೇಕಂದ್ರ ಅಬಿಡ್ಸ್‌ಗೆ ಹೋಗಿ ತಿಂದು ಬರ್ಲಿ." ನನಗೆ ಗಂಜಿ, ಮಜ್ಜಿಗೆ, ಕಬ್ಬಿನ ಹಾಲು. ನಮ್ಮೂರು ಕಲಬುರಗಿಯಿಂದ ಗಿಡಮೂಲಿಕೆಯ ಪುಡಿ ಬಂತು. ಎದುರು ಮನೆಯ ತೆಲುಗು ಆಂಟಿ ಕಿಟಕಿಯ ಬೆಳಕಿನಲ್ಲಿ ನನ್ನ ಕಣ್ಣರೆಪ್ಪೆ ಎಳೆದು ನೋಡಿ, ಹಳದಿ ಇಳಿಯುತ್ತಿದೆ ಎಂದರು. ಓಪಿಡಿಯ ಮಾತೇ ಬರಲಿಲ್ಲ. ಕಾಮಣಿಗೆ ಯಾರೂ ಅಲ್ಲಿಗೆ ಹೋಗುವುದಿಲ್ಲ.

ನನ್ನ ಬಟ್ಟೆ ತೊಟ್ಟ ಇನ್ನೊಬ್ಬ ಹುಡುಗಿ ನನ್ನ ಹಾಸಿಗೆಯಲ್ಲಿ ಮಲಗಿದ್ದಾಳೆಂದು ಅನ್ನಿಸತೊಡಗಿತು. ಬಂದವರೆಲ್ಲ ಅವಳನ್ನೇ ಮಾತಾಡಿಸುತ್ತಿದ್ದರು. ಅವಳು ದಿನದಿನಕ್ಕೆ ಚೇತರಿಸಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಕನ್ನಡಿಯಲ್ಲಿ ಕಂಡ ಕಣ್ಣುಗಳು ಹಳದಿಯಾಗಿದ್ದವು.

ಹಾಗಾದರೆ ಕಾಮಣಿಯೇ ಇರಬೇಕೆಂದು ನನಗೆ ಸಮಾಧಾನವಾಯಿತು. ಆ ಸಮಾಧಾನಕ್ಕೇ ಹೆದರಿದೆ.

"ಅಪ್ಪಾ, ದವಾಖಾನಿಗೆ ಹೋಗೂಣು. ಈಗ."

ಅದೇ ಗೇಟು. ಸೆಕ್ಯುರಿಟಿಯವನು ಗುರುತು ಹಿಡಿದು, ಕೇಳದೆಯೇ ವೀಲ್‌ಚೇರ್ ತಂದ. ನಾನು ನಡೆಯಬಲ್ಲವಳಾಗಿದ್ದೆ. ಅದೇ ಮೂಲೆಯ ಬೆಡ್ಡು. ಪರದೆಯ ಆಚೆ ಯಾರೋ ತಾಯಿ, ಮಗನಿಗೆ ಆಗಿರುವುದು ಬರೀ ಗ್ಯಾಸ್ಟ್ರಿಕ್ ಎಂದು ಹಿಂದಿಯಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದಳು.

ಡ್ಯೂಟಿ ಡಾಕ್ಟರು ಬೀದರ್ ಕಡೆಯವರು. ಅತ್ತೆಗೆ ಅಷ್ಟೇ ಸಾಕಾಯಿತು.

"ಕಾಮಣಿ ತಿರುಗಿ ಬಂದೈತ್ರಿ ಡಾಕ್ಟ್ರೇ. ಭಾಳ ನಿತ್ರಾಣ ಆಗ್ಯಾಳ. ಒಂದು ಗ್ಲೂಕೋಸ್ ಹಚ್ಚಿ ಕಳಸ್ರಿ."

ಅವರು ಹಳೆಯ ಫೈಲ್ ನೋಡಿದರು. ನನ್ನ ಕಣ್ಣು ನೋಡಿದರು. "ಕಣ್ಣು ಬೆಳ್ಳಗ ಅದಾವಲ್ಲವಾ," ಎಂದು ಸ್ಟೂಲ್ ಎಳೆದುಕೊಂಡು ಕೂತರು. "ಸಾಯಬೇಕು ಅನಸಾಕತ್ತೈತೇನು?"

ಅತ್ತೆ ನನ್ನ ಕಾಲು ಒತ್ತುತ್ತಿದ್ದಳು. ಕೈ ನಿಂತಿತು.

"ಹೂಂರಿ," ಎಂದೆ.

ಎಷ್ಟೋ ದಿನಗಳ ಮೇಲೆ ಯಾರೋ ನನ್ನನ್ನು ಮಾತಾಡಿಸಿದ್ದರು.

ಅಡ್ಮಿಟ್ ಮಾಡಿಕೊಂಡರು. ಈಗ ಔಷಧಿ ನಡೆದಿದೆ, ಓಪಿಡಿಗೂ ಹೋಗುತ್ತೇನೆ. ಆದರೂ ಹೋದ ವಾರ ಆ ಯೋಚನೆ ಮರಳಿತು. ಮನೆಯಲ್ಲಿ ಹೇಳಿದೆ. ಮತ್ತೆ ಎಮರ್ಜೆನ್ಸಿಗೆ ಹೋದೆವು. ಏನು ತೊಂದರೆ ಎಂದು ಕೌಂಟರ್‌ನಲ್ಲಿ ಕೇಳಿದಾಗ ಅತ್ತೆ ಮುಂದೆ ಸರಿದು, ಹುಡುಗಿಗೆ ಸಾಯುವ ವಿಚಾರ ಬರುತ್ತಿದೆ, ಬೇಗ ನೋಡಿ ಎಂದು ತನ್ನ ಹರಕು ಹಿಂದಿಯಲ್ಲಿ ಹೇಳಿದಳು. ಸಾಲಿನಲ್ಲಿದ್ದವರು ತಿರುಗಿದರು.

"ನೋಡ್ಲಿ ಬಿಡು," ಎಂದಳು ನನಗೆ.

ಗುಣವಾಗಿದ್ದೇನೆ ಎನ್ನಲಾರೆ. ಆ ಹುಡುಗಿ ಈಗಲೂ ಒಮ್ಮೊಮ್ಮೆ ಕನ್ನಡಿಯಲ್ಲಿ ನಿಲ್ಲುತ್ತಾಳೆ. ಮೊನ್ನೆ ಅತ್ತೆ ಬಾಣಲೆ ಕೆಳಗಿಳಿಸಿ ಮಿರ್ಚಿ ಭಜಿ ಕರಿದಳು. ಒಂದನ್ನು ಕಚ್ಚಿದೆ.

ಖಾರ ಹತ್ತಿತು. ನೀರು ಕೇಳಿದೆ.